ತಮ್ಮನ ಸಿನಿಮಾದ ಅಕ್ಕ

ಕೊಪ್ಪರಿಗೆ ತಳ ಹಿಡಿದ ವಾಸನೆ ಮೂಗಿಗೆ ಬಡಿದಾಗ ಎನೆದಿನಾ ತಾನು ಮದುವೆಯಾಗದೆ ಬಿಟ್ಟ ಗಂಡಸಿನ ಮುಖವನ್ನು ನೆನಪಿಗೆ ತಂದುಕೊಳ್ಳಲು ಹೆಣಗುತ್ತಿದ್ದಳು. ಬರುತ್ತಿದ್ದುದು ಬೇರೆಯದೇ ಮುಖ. ನುಣ್ಣಗೆ ಬಾಚಿದ ಎಣ್ಣೆಗೂದಲು, ಗದ್ದದ ನಡುವೆ ಒಂದು ಕುಳಿ, ಎಡಗಣ್ಣಿನ ಅಂಚಿನಲ್ಲಿ ತುಂಬಿ ನಿಂತು ಬೀಳದೇ ಉಳಿಯುವ ಒಂದು ಹನಿ. ಅದು ತಮ್ಮ ಅರ್ನುಲ್ಫೊನ ಎರಡನೆಯ ಸಿನಿಮಾದಲ್ಲಿ ಆ ಪಾತ್ರ ಕಟ್ಟಿದ ನಟನ ಮುಖ. ನಿಜವಾದ ಎಫ್ರೆನ್‌ಗೆ, ಈ ಊರಿನ ತಂತಿ ಕಚೇರಿಯಲ್ಲಿ ಎರಡು ವರ್ಷ ಕೆಲಸಕ್ಕಿದ್ದು ಹೋದ ಎಫ್ರೆನ್‌ಗೆ, ಗದ್ದದಲ್ಲಿ ಕುಳಿ ಇತ್ತೆ? ಇರಲಿಲ್ಲ ಎಂದು ದೇವರ ಮುಂದೆ ಹೇಳು ಎಂದರೆ ಅವಳ ನಾಲಗೆ ಏಳುತ್ತಿರಲಿಲ್ಲ. ಮರದ ಸಟ್ಟುಗದಿಂದ ಹಣ್ಣಿನ ಪಾಕವನ್ನು ತಳದಿಂದ ಕೆದಕಿ ಎತ್ತುತ್ತ, ಒಲೆಯಿಂದ ಎರಡು ಕೊಳ್ಳಿ ಹಿಂದಕ್ಕೆಳೆಯುತ್ತ, ಅವಳು ಅಂಗಳದ ಕಡೆ ಕಿವಿಗೊಟ್ಟಳು. ನೀರಿನ ಸದ್ದು. ಕಾರಂಜಿಯ ಸದ್ದು. ಅವರ ಅಂಗಳದಲ್ಲಿ ಎಂದೂ ಕಾರಂಜಿ ಇರಲಿಲ್ಲ, ಇದ್ದದ್ದು ಮಳೆನೀರು ಹಿಡಿಯುವ ಒಂದು ಹಂಡೆ, ಅದರ ಬುಡದಲ್ಲಿ ಕುಂಟುವ ಒಂದು ಹೇಂಟೆ. ಕಾರಂಜಿ ತಮ್ಮನ ಸಿನಿಮಾದ ಮನೆಯಲ್ಲಿತ್ತು. ಬಿಳಿ ಕಲ್ಲಿನದು, ಅದರ ಕಟ್ಟೆಯ ಮೇಲೆ ಕೂತು ಎನೆದಿನಾ ಎಂಬ ಹುಡುಗಿ, ಅಲ್ಲಿ ಅವಳ ಹೆಸರು ಬೇರೆ, ನೀರಿನಲ್ಲಿ ಬೆರಳಾಡಿಸುತ್ತ ಕಾಯುತ್ತಿದ್ದಳು. ಈಚೀಚೆಗೆ ಬೆಳಗಿನ ಅರೆನಿದ್ದೆಯಲ್ಲಿ ಆ ನೀರಿನ ತಂಪು ಅವಳ ಬೆರಳಿಗೆ ತಾಕುತ್ತಿತ್ತು. ಅಮ್ಮನ ದನಿಯೂ ಹಾಗೆಯೇ ಆಗಿತ್ತು. ಹೆತ್ತ ತಾಯಿ ಜ್ವರದಲ್ಲಿ ಗೋಡೆ ಕಡೆ ತಿರುಗಿ ಮಾತಿಲ್ಲದೆ ಸತ್ತಿದ್ದಳು. ಸಿನಿಮಾದ ಅಮ್ಮ ಮಗಳ ಕೈ ಹಿಡಿದು, ತಂಬೂರಿಯ ಹಾಗಿನ ದನಿಯಲ್ಲಿ ‘ಇವನನ್ನು ನಿನ್ನ ಕೈಗಿಟ್ಟಿದ್ದೇನೆ’ ಎಂದು ಹೇಳಿ ಸತ್ತಳು. ಈಗ ಕಣ್ಣು ಮುಚ್ಚಿದರೆ ಎನೆದಿನಾಗೆ ಕೇಳುವುದು ಆ ದನಿಯೇ.

ಇಷ್ಟು ದಿನ ತಮ್ಮ ಈ ಎಲ್ಲವನ್ನೂ ರಾಜಧಾನಿಯ ಸ್ಟುಡಿಯೋದಲ್ಲಿ ಬಣ್ಣ ಬಳಿದ ಹಲಗೆಗಳ ಮುಂದೆ ತೆಗೆದಿದ್ದ. ಈ ಸಲ ಹುಟ್ಟೂರು ಸಾನ್ ತಾದೆಯೊಗೇ ಬಂದಿದ್ದಾನೆ. ನಿಜವಾದ ಬೀದಿ, ನಿಜವಾದ ರೈಲು ನಿಲ್ದಾಣ. ಅವನು ಬಂದ ದಿನದಿಂದ ಎನೆದಿನಾಗೆ ತಾನು ಎಲ್ಲಿಯೋ ಏನನ್ನೋ ಇಟ್ಟು ಮರೆತಂತೆ, ಅದು ಬೇರೆಯವರ ಕಣ್ಣಿಗೆ ಬೀಳುವ ಮೊದಲು ಹುಡುಕಬೇಕಾದಂತೆ ಒಂದು ತಳಮಳ.

“ತಳ ಹಿಡೀತಾ ಇದೆ ನೋಡಿ ಸೆನ್ಯೊರಿತಾ,” ಎನ್ನುತ್ತ ರೊಟ್ಟಿಯ ಬುಟ್ಟಿ ಹೊತ್ತು ಚೋಲೆ ಒಳಗೆ ಬಂದಳು. ಪಕ್ಕದ ಬೀದಿಯಲ್ಲಿ ರೊಟ್ಟಿ ಸುಟ್ಟು ಮಾರುವವಳು, ಐದು ಮಕ್ಕಳ ತಾಯಿ. ಅವಳು ದೋನ್ಯಾ ಚೋಲೆ, ಚೋಲೆಯಮ್ಮ. ಅವಳಿಗಿಂತ ಹಿರಿಯಳಾದ, ತಲೆ ಪೂರ್ತಿ ನರೆತ ಎನೆದಿನಾ ಮಾತ್ರ ಊರಿನ ಬಾಯಲ್ಲಿ ಇನ್ನೂ ಸೆನ್ಯೊರಿತಾ, ಕನ್ಯೆ. “ನೀವು ಕೂತ್ಕೊಳಿ, ನಾನು ತಿರುವ್ತೀನಿ. ಇವತ್ತು ನಿಮ್ಮ ಮನಸ್ಸು ಇಲ್ಲಿರಲ್ಲ, ನನಗೆ ಗೊತ್ತಾಗಲ್ವಾ? ಸ್ಟೇಷನ್ನಿನಲ್ಲಿ ಆ ಸೀನು ತೆಗೀತಾರಂತೆ. ನಮ್ಮೋರು ಅಂದ್ರು.”

“ಅದು ನಾಳೆ. ಇವತ್ತು ಬರೀ ತಯಾರಿ.”

“ಇವತ್ತೋ ನಾಳೆಯೋ, ನೋವು ನೋವೇ ಅಲ್ವಾ,” ಎಂದ ಚೋಲೆ ಸಟ್ಟುಗ ಕಸಿದುಕೊಂಡು, ಎದೆಯಾಳದಿಂದ ಒಂದು ಉಸಿರು ಬಿಟ್ಟಳು. ಆ ಉಸಿರು ಎನೆದಿನಾಗೆ ಚಿರಪರಿಚಿತ. ಊರಿನ ಸಿನಿಮಾ ಕೊಟ್ಟಿಗೆಯಲ್ಲಿ ತಮ್ಮನ ಸಿನಿಮಾ ಓಡುವಾಗ, ಮುರಿದ ಕುರ್ಚಿಗಳ ಸಾಲಿನಿಂದ ಸಾಲಿಗೆ ಈ ಉಸಿರು ಹರಿದು ಬಂದು ಅವಳ ಬಳಿ ನಿಲ್ಲುತ್ತಿತ್ತು. ಕತ್ತಲಲ್ಲಿ ತಲೆಗಳು ತಿರುಗಿ ಅವಳನ್ನು ನೋಡುತ್ತಿದ್ದವು. ತಾಯಿ ಸತ್ತ ಮನೆಯಲ್ಲಿ ಹತ್ತು ವರ್ಷದ ತಮ್ಮನಿಗಾಗಿ ಪ್ರೀತಿಯನ್ನು ರೈಲು ಹತ್ತಿಸಿ ಕಳಿಸಿದ ಅಕ್ಕ. ಪಾದ್ರಿಗಳು ಉಪದೇಶದಲ್ಲಿ ಹೆಸರು ಹೇಳದೆ ಅವಳ ಕಡೆ ಕೈ ತೋರಿಸಿದ್ದರು. ಸಂತೆಯಲ್ಲಿ ಕಿತ್ತಳೆ ಮಾರುವವಳು ತೂಕದ ಮೇಲೆ ಎರಡು ಹಣ್ಣು ಹಾಕಿ ಶಾಲಿನ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಒಮ್ಮೆ ಬಟ್ಟೆಯಂಗಡಿಯಲ್ಲಿ ಎನೆದಿನಾ ಹಳದಿ ಹೂವಿನ ಚೀಟಿ ಬಟ್ಟೆಯೊಂದರ ಮೇಲೆ ಕೈಯಾಡಿಸಿದಳು. ಅಂಗಡಿಯವ ಏನೂ ಹೇಳದೆ, ಆಕೆ ಏನೋ ತಪ್ಪಿ ಮುಟ್ಟಿದವಳೆಂಬಂತೆ ಅದನ್ನು ಮಡಿಸಿಟ್ಟು ಬೂದು ಬಣ್ಣದ ಥಾನು ಬಿಚ್ಚಿದ. ಅವಳು ಬೂದು ಬಣ್ಣದ್ದನ್ನೇ ಕೊಂಡುತಂದಳು. ಹೊಲಿಸಿ ತೊಟ್ಟಳು. ಅದು ತನಗೆ ಒಪ್ಪುತ್ತದೆಂದು ಎಲ್ಲರೂ ಅಂದಾಗ ಅವಳಿಗೂ ಒಪ್ಪಿದಂತೆ ಕಂಡಿತು. ಎಲ್ಲಿಂದ ಶುರುವಾಯಿತು ಈ ಒಪ್ಪಿಕೊಳ್ಳುವಿಕೆ?

ಹನ್ನೊಂದರ ಹೊತ್ತಿಗೆ ಅರ್ನುಲ್ಫೊ ನಟಿಯನ್ನು ಕರೆದುಕೊಂಡು ಬಂದ. ತಮ್ಮ ದಪ್ಪವಾಗಿದ್ದ, ಹಣೆ ಹಿಂದಕ್ಕೆ ಸರಿದಿತ್ತು, ಹೊಸ್ತಿಲಲ್ಲಿ ಟೋಪಿ ತೆಗೆದು ಅಕ್ಕನ ಕೈಗೆ ಮುತ್ತಿಡುವಾಗ ಅವನ ಕಣ್ಣು ಎಂದಿನಂತೆ ತೇವಗೊಂಡಿತು. ಅವನು ಅವಳ ಕೈಯನ್ನು ಯಾವಾಗಲೂ ಒಂದು ಗಳಿಗೆ ಹೆಚ್ಚೇ ಹಿಡಿದಿರುತ್ತಿದ್ದ, ಗುಡಿಯಲ್ಲಿ ಪ್ರತಿಮೆಯ ಪಾದ ಹಿಡಿದವನ ಹಾಗೆ. ಎನೆದಿನಾಗೆ ಆಗೆಲ್ಲ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು ಅನಿಸುತ್ತಿತ್ತು. ಎಳೆದುಕೊಂಡರೆ ಅವನ ಮುಖ ಏನಾಗಬಹುದೆಂಬ ಹೆದರಿಕೆಯಿಂದ ಸುಮ್ಮನಿರುತ್ತಿದ್ದಳು. ನಟಿ ಮಿರೆಯಾ ಇಪ್ಪತ್ತನಾಲ್ಕರ ಹುಡುಗಿ, ಪರದೆಯ ಮೇಲೆ ಕಾಣುವುದಕ್ಕಿಂತ ಕುಳ್ಳಿ, ಬೆಟ್ಟದೂರಿನ ಗಾಳಿಗೆ ತಲೆನೋವು ಬಂದು ಹಣೆಗೆ ಎಲೆ ಅಂಟಿಸಿಕೊಂಡಿದ್ದಳು. ಎನೆದಿನಾ ಚಾಕಲೇಟನ್ನು ಹಾಲಿನಲ್ಲಿ ಕಾಸಿ, ನೊರೆ ಬರುವಂತೆ ಕಡೆದು ತಂದಿಟ್ಟಳು.

“ದೋನ್ಯಾ ಎನೆದಿನಾ, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ,” ಎಂದಳು ಮಿರೆಯಾ, ಮೇಲ್ದುಟಿಯ ನೊರೆ ಒರೆಸಿಕೊಳ್ಳುತ್ತ. “ಆವತ್ತು ನೀವು ಹೇಗೆ ಅತ್ತಿರಿ? ಜೋರಾಗೋ, ಸದ್ದಿಲ್ದೇನೋ?”

“ಒಳಗೊಳಗೇ,” ಎಂದಳು ಚೋಲೆ ಒಲೆಯ ಕಡೆಯಿಂದ. “ಊರಿಗೆಲ್ಲ ಗೊತ್ತು.”

“ನೀವು ಅಲ್ಲಿದ್ರಾ?”

“ನಾನಾ? ನಾನಾಗ ಇನ್ನೊಂದೂರಲ್ಲಿದ್ದೆ. ಆದ್ರೆ ಇವರ ಸ್ವಭಾವ ಗೊತ್ತಿಲ್ವಾ ನನಗೆ.”

ಮಿರೆಯಾ ನಕ್ಕಳು. ಎನೆದಿನಾಗೂ ನಗು ಬಂತು, ಆದರೆ ಅರ್ನುಲ್ಫೊ ಗಂಭೀರವಾಗಿ ಬಟ್ಟಲೊಳಗೆ ನೋಡುತ್ತಿದ್ದ. “ಅಕ್ಕನ್ನ ಅದೆಲ್ಲ ಕೇಳ್ಬೇಡ ಮಿರೆಯಾ. ನಾನು ನೋಡಿದ್ದೀನಿ, ನಾನು ಹೇಳ್ತೀನಿ. ಬೆನ್ನು. ಬರೀ ಬೆನ್ನು. ನಾನು ಹಿಂದೆ ಬರ್ತಿದ್ದೆ. ಅವಳು ಒಂದ್ಸಲಾನೂ ತಿರುಗಲಿಲ್ಲ. ಹೆಗಲು ಅಲುಗ್ತಾ ಇತ್ತು.” ಅವನ ಸಿನಿಮಾಗಳ ಕೊನೆಯಲ್ಲೆಲ್ಲ ಒಬ್ಬ ಹೆಂಗಸಿನ ಬೆನ್ನು ಇರುತ್ತಿತ್ತು ಎಂಬುದು ಎನೆದಿನಾಗೆ ಆಗ ಹೊಳೆಯಿತು. ಕಪ್ಪು ಶಾಲು, ಅಲುಗುವ ಹೆಗಲು, ಸಂಗೀತ. ಪತ್ರಿಕೆಯವರು ಅದನ್ನು ಹೊಗಳಿ ಬರೆಯುತ್ತಿದ್ದರು. ಅದು ತನ್ನ ಬೆನ್ನು. ತನ್ನ ಬೆನ್ನನ್ನು ತಾನು ನೋಡಿದವಳಲ್ಲ. ಏನೋ ಹೇಳಬೇಕಿತ್ತು, ಬಾಯಿಯ ತನಕ ಬಂತು, ಅಲ್ಲಿಂದ ಅದು ಹೊಗೆಯ ಹಾಗೆ ಚದುರಿತು. ಎಫ್ರೆನ್, ರೈಲಿನ ಮೆಟ್ಟಿಲು, ಅಷ್ಟೆ. ಅದರಾಚೆ ಬೆಳ್ಳಗಿನ ಪರದೆ.

ಮಧ್ಯಾಹ್ನ ಮಿರೆಯಾಳ ತಲೆನೋವು ಏರಿ ವಾಂತಿಯಾಗಿ, ಅವಳು ಹೋಟೆಲಿನಲ್ಲಿ ಪರದೆ ಎಳೆದು ಮಲಗಿಬಿಟ್ಟಳು. ನಿಲ್ದಾಣದಲ್ಲಿ ಬಾಡಿಗೆಗೆ ತಂದ ಹಳೆಯ ರೈಲು ಉಗಿ ಕಟ್ಟಿಕೊಂಡು ನಿಂತಿತ್ತು. ಬೆಳಕು ಇರುವಾಗಲೇ ಯಾರನ್ನಾದರೂ ನಿಲ್ಲಿಸಿ ನೋಡಿಕೊಳ್ಳಬೇಕು ಎಂದು ಛಾಯಾಗ್ರಾಹಕ ಲಾಸರೊ ಗೊಣಗುತ್ತಿದ್ದ. ಅರ್ನುಲ್ಫೊ ಸುತ್ತಲೂ ನೋಡಿದ. ಹಗ್ಗದಾಚೆ ಊರೆಲ್ಲ ನೆರೆದಿತ್ತು. ಮುಂದಿನ ಸಾಲಿನಲ್ಲಿ ಎನೆದಿನಾಗೆ ಕೂರಲು ಯಾರೋ ಕುರ್ಚಿ ತಂದು ಹಾಕಿದ್ದರು.

“ಅಕ್ಕ,” ಎಂದ ತಮ್ಮ, ಹತ್ತಿರ ಬಂದು, ಬಾಗಿ. “ಸ್ವಲ್ಪ ಹೊತ್ತು ಅಲ್ಲಿ ನಿಂತ್ಕೋತೀಯಾ? ನಿನಗೆ ಕಷ್ಟ ಆದ್ರೆ ಬೇಡ.”

“ನಿಂತ್ಕೊಳೋಕೆ ಏನು ಕಷ್ಟ.”

ಶಾಲು ತಂದು ಹೊದಿಸಿದರು. ಅದು ಅವಳದೇ ಶಾಲಿನ ಹಾಗಿತ್ತು, ಇನ್ನೂ ಕಪ್ಪಾಗಿ, ಇನ್ನೂ ಭಾರವಾಗಿ. ಬಣ್ಣ ಹಚ್ಚುವವನು ಡಬ್ಬಿ ತೆರೆದು, ಅವಳ ಮುಖ ನೋಡಿ, ಮುಚ್ಚಿದ. “ಬೇಕಾಗಲ್ಲ ಬಿಡಿ, ಬೆನ್ನಿಗೆ ವಯಸ್ಸು ಗೊತ್ತಾಗಲ್ಲ,” ಎಂದು ಅವನು ಪಕ್ಕದವನಿಗೆ ಹೇಳಿದ್ದು ಅವಳಿಗೆ ಕೇಳಿಸಿತು. ಕಿವಿ ಬಿಸಿಯಾಯಿತು. ತಾನು ನಿಜವಾಗಿಯೂ ಚೆಲುವೆಯಾಗಿದ್ದೆನೇ, ಸಿನಿಮಾದವಳ ಹಾಗೆ? ಎಫ್ರೆನ್ ಎಂದೂ ಹಾಗೆ ಅಂದಿರಲಿಲ್ಲ. ಏನೋ ಬೇರೆ ಅನ್ನುತ್ತಿದ್ದ. ಏನದು? ಸುಣ್ಣದಲ್ಲಿ ಗೆರೆ ಎಳೆದ ಜಾಗಕ್ಕೆ ಅವಳು ನಡೆದುಹೋದಳು. ಬೆನ್ನಿಗೆ ಊರಿನ ಕಣ್ಣುಗಳ ಭಾರ ಬಿತ್ತು. ಹಿಂದಿನಿಂದ ತಮ್ಮನ ದನಿ ಬಂತು, ಕನಸಿನೊಳಗಿಂದ ಕರೆದ ಹಾಗೆ ಮೆಲ್ಲಗೆ, “ರೈಲು ಹೊರಡುತ್ತೆ. ನೀನು ನೋಡ್ತಾ ನಿಲ್ಲು. ಆಮೇಲೆ ತಿರುಗಿ ಬೆಟ್ಟದ ದಾರಿ ಕಡೆ ನಾಲ್ಕು ಹೆಜ್ಜೆ ಹಾಕು. ಸಾಕು.”

ರೈಲು ಉಗಿ ಬಿಟ್ಟಿತು. ಬೆಳ್ಳಗೆ, ಬೆಚ್ಚಗೆ, ಒದ್ದೆ ಇದ್ದಿಲಿನ ವಾಸನೆಯ ಮೋಡವೊಂದು ಕಾಲ ಬಳಿಯಿಂದ ಎದ್ದು ಅವಳ ಲಂಗದೊಳಗೆ, ಶಾಲಿನೊಳಗೆ ತುಂಬಿಕೊಂಡಿತು. ಈ ವಾಸನೆ ಯಾವ ಸಿನಿಮಾದಲ್ಲೂ ಇರಲಿಲ್ಲ. ಮೋಡದೊಳಗೆ ಅವಳಿಗೆ ಮೊದಲು ಕಂಡದ್ದು ಒಂದು ಕೊರಳಪಟ್ಟಿ, ನೀಲಿ ಹಾಕಿ ಒಗೆದು ನೀಲಿ ಹೆಚ್ಚಾದದ್ದು. ಅದರ ಮೇಲೆ ಒಂದು ಕತ್ತು, ಕ್ಷೌರದ ಕತ್ತಿ ತಾಗಿದ ಕೆಂಪು ಗೀರು. ಗದ್ದದಲ್ಲಿ ಕುಳಿ ಇರಲಿಲ್ಲ, ಗದ್ದವೇ ಹೆಚ್ಚಿಗೆ ಇರಲಿಲ್ಲ. ಎಫ್ರೆನ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಮಾತಾಡುತ್ತಿದ್ದ, ಅವನು ಯಾವಾಗಲೂ ಮಾತಾಡುತ್ತಿದ್ದ. ಉತ್ತರದಲ್ಲಿ ಅವನ ತಾಯಿಯ ಮನೆ. ಅಲ್ಲಿ ಅವಳಿಗೊಂದು ಕೋಣೆ. ಮಂಚ ಕಿಟಕಿಯ ಕಡೆ ಬೇಡ, ಗಾಳಿಗೆ ಶೀತವಾಗುತ್ತದೆ, ಗೋಡೆಯ ಕಡೆ ಹಾಕಿಸಿದ್ದೇನೆ. ಬೆಳಿಗ್ಗೆ ತಾಯಿಯ ಜೊತೆ ಪೂಜೆಗೆ, ಸಂಜೆ ನನ್ನ ತಂಗಿಯರ ಜೊತೆ ಕಸೂತಿ. ನಿನ್ನ ಕೈ ನೋಡಿದರೆ ನನ್ನ ಅಮ್ಮನ ಕೈ ನೆನಪಾಗುತ್ತದೆ, ಹೌದು, ಅದನ್ನೇ ಅವನು ಅನ್ನುತ್ತಿದ್ದುದು. ಕೇಳುತ್ತ ಕೇಳುತ್ತ ಅವಳಿಗೆ ನಿದ್ದೆ ಬರುವಂತಾಗಿತ್ತು. ಒಳ್ಳೆಯವನು, ದೂರಲು ಏನೂ ಇಲ್ಲ. ಬರುವುದಿಲ್ಲ ಎನ್ನಲು ಒಂದು ಕಾರಣವೂ ಇಲ್ಲ. ಬರುವುದಿಲ್ಲ ಎಂಬುದು ಮಾತ್ರ ಹೊಟ್ಟೆಯೊಳಗೆ ಕಲ್ಲಿನಂತೆ ಸ್ಪಷ್ಟವಾಗಿತ್ತು. ಅವನು ಯಾಕೆ ಯಾಕೆ ಎಂದು ಕೇಳುತ್ತಿದ್ದ. ಬೆರಳು ಹಿಡಿದು ಜೋತಾಡುತ್ತಿದ್ದ ತಮ್ಮನ ಅಂಗೈ ಬೆವೆತು ಅಂಟಂಟಾಗಿತ್ತು. “ಇವನು ಚಿಕ್ಕವನು,” ಎಂದುಬಿಟ್ಟಳು. “ಇವನನ್ನ ಬಿಟ್ಟು ಹೇಗೆ ಬರಲಿ.” ಬಾಗಿಲಿಗೆ ಬಂದವನಿಗೆ ಕೈಗೆ ಸಿಕ್ಕಿದ್ದನ್ನು ಹಾಕಿ ಕಳಿಸುವ ಹಾಗೆ. ಎಫ್ರೆನ್ ತಲೆತಗ್ಗಿಸಿದ. ರೈಲು ಹೊರಟಿತು. ಅವನು ಕಿಟಕಿಯಿಂದ ಅರ್ಧ ಹೊರಬಂದು ಕೈ ಎತ್ತಿದ, ಮುಖದಲ್ಲಿ ಜಗತ್ತಿನ ದುಃಖವೆಲ್ಲ ಇತ್ತು, ಆಗ ಪ್ರಯಾಣಕ್ಕೆಂದೇ ಕೊಂಡಿದ್ದ ಅವನ ಹೊಸ ಹುಲ್ಲಿನ ಟೋಪಿ ಗಾಳಿಗೆ ಹಾರಿ, ಚಕ್ರದಂತೆ ಉರುಳುತ್ತ, ಅವಳ ಕಡೆಗೇ ಓಡಿಬಂತು. “ಹಿಡಿ, ಹಿಡಿ, ಟೋಪಿ,” ಎಂದು ಕೂಗಿದ ಎಫ್ರೆನ್, ಎರಡೂ ಕೈ ಬೀಸುತ್ತ. ದುಃಖ ಎಲ್ಲಿ ಹೋಯಿತೋ. ಟೋಪಿ ಅವಳ ಕಾಲ ಬಳಿ ಒಂದು ಸುತ್ತು ಸುತ್ತಿ, ಯೋಚಿಸಿದಂತೆ ನಿಂತು, ಹಳಿಯ ಮೇಲೆ ಬಿದ್ದು ಗಾಲಿಯಡಿ ಚಪ್ಪಟೆಯಾಯಿತು. ತಮ್ಮ ಅವಳ ಹಿಂದೆ ಲಂಗದಲ್ಲಿ ಮುಖ ಹುದುಗಿಸಿಕೊಂಡಿದ್ದ. ಅವಳು ಬಾಯಿಗೆ ಶಾಲು ಒತ್ತಿಕೊಂಡು ತಿರುಗಿಬಿಟ್ಟಿದ್ದಳು. ಒಬ್ಬನ ಎದೆ ಒಡೆದ ಹೊತ್ತಿನಲ್ಲಿ ಎಂಥ ಹೆಂಗಸು ನಕ್ಕಾಳು? ಪಾದ್ರಿಯ ಕಿವಿಗೂ ಅವಳು ಅದನ್ನು ಹಾಕಿರಲಿಲ್ಲ. ಆ ನಗುವಿನ ಮೇಲೆ ತಮ್ಮ ಬಂದು ಒಂದೊಂದಾಗಿ ತನ್ನ ಸಿನಿಮಾಗಳನ್ನು ಹೊದಿಸಿದಾಗ, ಹೊದಿಸಲಿ ಎಂದು ಸುಮ್ಮನಾಗಿದ್ದಳು.

ಈಗ ಎದುರಿದ್ದ ಖಾಲಿ ರೈಲು ಕೀರಲಿಟ್ಟು ಸರಿಯಿತು. ಯಾವ ಕಿಟಕಿಯಲ್ಲೂ ಯಾರೂ ಇಲ್ಲ. ‘ಟೋಪಿ, ಟೋಪಿ’ ಎಂಬ ಕೂಗು ಮಾತ್ರ ಕಿವಿಯ ಹತ್ತಿರವೇ ಕೇಳಿತು, ಮೂಗಿನಲ್ಲಿ ಹೊರಡುವ ಆ ದನಿ, ತಂತಿಯವನ ದನಿ. ಎನೆದಿನಾ ತಿರುಗಿದಳು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹೊಟ್ಟೆಯಿಂದ ಎದ್ದ ನಗು ಎದೆಗೆ ಬಂದು, ತಡೆದಷ್ಟೂ ಹೆಗಲಿಗೆ ಏರಿತು. ಶಾಲನ್ನು ಬಾಯಿಗೆ ತುರುಕಿಕೊಂಡಳು. ಹಿಂದೆ ಹಗ್ಗದಾಚೆ ಊರು ಒಟ್ಟಾಗಿ ಬಿಕ್ಕಿತು. ಯಾರೋ ಶಿಲುಬೆಯ ಗುರುತು ಮಾಡಿಕೊಂಡರು. ಯಾರಿಗೂ ಹೇಳದೆ ಕ್ಯಾಮೆರಾ ಓಡಿಸಿಬಿಟ್ಟಿದ್ದ ಲಾಸರೊ, “ಇಂಥದ್ದು ನಾನು ಜನ್ಮದಲ್ಲಿ ಹಿಡಿದಿಲ್ಲ,” ಎಂದು ಕಣ್ಣೊರೆಸಿಕೊಂಡ. ಅರ್ನುಲ್ಫೊ ಓಡಿ ಬಂದ. “ಅಕ್ಕ, ತಪ್ಪಾಯ್ತು, ನಿನ್ನನ್ನ ನಿಲ್ಲಿಸಬಾರದಿತ್ತು,” ಎನ್ನುತ್ತ ಭುಜ ಹಿಡಿದು ತಿರುಗಿಸಿ, ಅವಳ ಮುಖ ನೋಡಿದ. ನೋಡುತ್ತಲೇ ಇದ್ದ. ಅವನ ಕೈ ಭುಜದಿಂದ ತಾನಾಗಿ ಜಾರಿತು.

ಸಂಜೆ ಅವನು ಒಬ್ಬನೇ ಊಟಕ್ಕೆ ಬಂದ. ಇನ್ನೂ ದೀಪ ಹಚ್ಚಿರಲಿಲ್ಲ, ಅಂಗಳದ ಮೇಲಿನ ಆಕಾಶ ಹಣ್ಣಿನ ಪಾಕದ ಬಣ್ಣಕ್ಕೆ ತಿರುಗಿತ್ತು. ಅವಳು ಕಾಳಿನ ಸಾರು ಬಡಿಸಿ, ಬಿಸಿ ತೊರ್ತಿಯಾ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಮುಂದಿಟ್ಟಳು. ಅವನು ಸುಮ್ಮನೆ ಒಂದನ್ನು ಚೂರು ಚೂರು ಮಾಡುತ್ತಿದ್ದ.

“ನೀನು ನಗ್ತಿದ್ದೆ,” ಎಂದ ಕೊನೆಗೆ.

“ಹೂಂ.”

“ಆವತ್ತು?”

“ಆವತ್ತೂ ನಗ್ತಿದ್ದೆ ಕಣೋ ನೂಫೊ. ಅವನ ಟೋಪಿ ಹಾರಿಹೋಯ್ತು,” ಎಂದಳು, ಅವನ ಚಿಕ್ಕಂದಿನ ಹೆಸರು ಹಿಡಿದು.

“ನಾನು ಹಿಂದೆ ಇದ್ದೆ. ಮನೆವರೆಗೂ ಅಲುಗ್ತಿತ್ತು ನಿನ್ನ ಹೆಗಲು.”

“ಮನೆವರೆಗೂ ನಕ್ಕೆ. ನಿಲ್ಲಿಸೋಕೆ ಆಗಲಿಲ್ಲ.”

ನಿಧಾನವಾಗಿ ಅವನ ಮುಖದಲ್ಲಿ ಏನೋ ಕರಗಿ, ಕಣ್ಣು ತುಂಬಿಕೊಂಡಿತು. ಆ ತುಂಬುವಿಕೆ ಎನೆದಿನಾಗೆ ಗೊತ್ತಿತ್ತು, ಇನ್ನೇನು ಸಂಗೀತ ಶುರುವಾಗುವ ಹೊತ್ತು. “ನನ್ನ ಭಾರ ಇಳಿಸೋಕೆ ಹೀಗೆ ಹೇಳ್ತಿದ್ದೀಯ,” ಎಂದ. “ಇಷ್ಟು ವರ್ಷ ಆದ್ಮೇಲೂ. ನಿನ್ನಂಥವಳು...”

“ಇಲ್ಲ.” ಅವಳ ದನಿ ಅವಳೇ ಬೆಚ್ಚುವಷ್ಟು ಗಟ್ಟಿಯಾಗಿತ್ತು. “ನನ್ನಂಥವಳು ಅಂತ ಯಾರೂ ಇಲ್ಲ. ಅಷ್ಟು ಒಳ್ಳೆಯವಳಲ್ಲ ನಾನು. ಅವನ ಜೊತೆ ಹೋಗೋಕೆ ನನಗೆ ಇಷ್ಟ ಇರಲಿಲ್ಲ. ಏನಾದ್ರೂ ಒಂದು ಹೇಳ್ಬೇಕಿತ್ತು. ನೀನು ಪಕ್ಕದಲ್ಲಿದ್ದೆ, ನಿನ್ನ ಹೆಸರು ಹೇಳ್ದೆ. ಅಷ್ಟೆ.”

ತುಂಬಿದ ಕಣ್ಣು ತುಂಬಿದಂತೆಯೇ ಇತ್ತು. ಆದರೆ ಅದರ ಹಿಂದೆ ಇದ್ದ ಗಂಡಸು ಎಲ್ಲಿಯೋ ಎದ್ದು ಹೋಗಿ, ಹತ್ತು ವರ್ಷದ ಹುಡುಗನೊಬ್ಬ ಕೂತಿದ್ದ. “ನೀನು ಹೋಗಿದ್ರೆ ನನ್ನ ಗತಿ ಏನಾಗ್ತಿತ್ತು ಅಕ್ಕ?”

ಅದನ್ನು ಅವಳು ಎಂದೂ ಯೋಚಿಸಿರಲಿಲ್ಲ. ಈಗ ಯೋಚಿಸಿದಳು. “ಸೋದರತ್ತೆ ಇದ್ದಳಲ್ಲ. ಅವಳ ಮನೇಲಿ ಬೆಳೀತಿದ್ದೆ. ಅವಳ ಮಕ್ಕಳ ಜೊತೆ ಜಗಳ ಆಡ್ಕೊಂಡು, ಹೊಟ್ಟೆ ತುಂಬ ಉಂಡ್ಕೊಂಡು.”

“ಅಷ್ಟೇನಾ?”

“ಇನ್ನೇನು.”

ಅವನು ಸಾರಿನ ಬಟ್ಟಲನ್ನು ದೂರ ಸರಿಸಿದ. ಅವನ ತಲೆಯ ಮೇಲೆ ಯಾರೋ ಇಟ್ಟಿದ್ದನ್ನು ಅವಳು ಈಗ ಕಿತ್ತುಕೊಂಡಳೇನೋ, ಅದು ಭಾರವಾಗಿತ್ತೋ ಕಿರೀಟವಾಗಿತ್ತೋ, ಅವಳಿಗೆ ತಿಳಿಯಲಿಲ್ಲ. ದೇಶಕ್ಕೆ ದೇಶವೇ ಕರವಸ್ತ್ರ ಒದ್ದೆ ಮಾಡಿಕೊಂಡ ಅವನ ಅಷ್ಟೂ ಸಿನಿಮಾಗಳು ಒಂದು ನೆವದ ಮೇಲೆ ನಿಂತಿದ್ದವು. ಹೇಳಬಾರದಿತ್ತೇ?

“ಹಾಗಾದ್ರೆ ಯಾಕೆ ಉಳ್ಕೊಂಡೆ?” ಎಂದ ಅವನು. “ಬೇರೆ ಯಾರನ್ನಾದ್ರೂ ಮದುವೆ ಆಗ್ಬಹುದಿತ್ತು. ಪಟ್ಟಣಕ್ಕೆ ಹೋಗ್ಬಹುದಿತ್ತು.”

“ಇಲ್ಲಿ ಇರೋಕೆ ಇಷ್ಟ ಇತ್ತು. ಬೆಳಿಗ್ಗೆ ಎದ್ರೆ ಯಾರೂ ಏನೂ ಅನ್ನಲ್ಲ. ನೀನು ರಾತ್ರಿ ಗೋಡೆ ಮೇಲೆ ಕೈಬೆರಳಲ್ಲಿ ನೆರಳು ಮಾಡಿ ಕತೆ ಹೇಳ್ತಿದ್ದೆ. ಕತ್ತೆ, ಪಾದ್ರಿ, ದೆವ್ವ. ನನಗೆ ಅದು ಕೇಳೋಕೆ ಖುಷಿ ಆಗೋದು. ನಿನ್ನ ಜೊತೆ ಇರೋಕೆ ಇಷ್ಟ ಇತ್ತು ಕಣೋ. ಅದು ತ್ಯಾಗ ಅಲ್ವಲ್ಲ.”

ಅರ್ನುಲ್ಫೊ ಮೇಜಿನ ಮೇಲಿನ ಚೂರುಗಳನ್ನು ಬೆರಳ ತುದಿಯಿಂದ ಒಟ್ಟುಗೂಡಿಸುತ್ತಿದ್ದ. ಅವನು ಅಳಲಿಲ್ಲ. ಅಷ್ಟು ಸುಲಭವಾಗಿ ಅಳುವವನು ಆ ಸಂಜೆ ಅಳದೆ, ಹೋಗುವಾಗ ಅವಳ ಕೈಗೆ ಮುತ್ತಿಡುವುದನ್ನೂ ಮರೆತು, ಕತ್ತಲಾಗುತ್ತಿದ್ದ ಬೀದಿಯಲ್ಲಿ ಗೋಡೆ ಸವರಿಕೊಂಡು ನಡೆದುಹೋದ. ಎನೆದಿನಾ ಬಾಗಿಲಲ್ಲಿ ನಿಂತು ಅವನ ಬೆನ್ನನ್ನು ನೋಡಿದಳು. ಅದರಿಂದ ಏನೂ ತಿಳಿಯುವಂತಿರಲಿಲ್ಲ.

ಮಾರನೆಯ ಬೆಳಿಗ್ಗೆ ನಿಲ್ದಾಣದಲ್ಲಿ ಅವನೇ ಅವಳ ಬಳಿ ಬಂದ. ನಿದ್ದೆಯಿಲ್ಲದ ಕಣ್ಣು, ಗಡ್ಡ ಹೆರೆದಿರಲಿಲ್ಲ. “ನನಗೆ ಬೇರೆ ಥರ ತೆಗೆಯೋಕೆ ಬರಲ್ಲ ಅಕ್ಕ,” ಎಂದ ತಗ್ಗಿದ ದನಿಯಲ್ಲಿ.

“ಗೊತ್ತು. ನಿನಗೆ ಬರೋ ಹಾಗೆ ತೆಗಿ.”

“ಬೇಜಾರಿಲ್ಲ ತಾನೆ?”

“ಅದು ನಿನ್ನ ಕತೆ. ನೀನು ಕಂಡಿದ್ದು.”

ಲಾಸರೊ ಬಂದು ತಕರಾರು ತೆಗೆದ. ನಿನ್ನೆಯದೇ ಇರಲಿ, ಎಷ್ಟು ದುಡ್ಡು ಸುರಿದರೂ ಅಂಥ ಬೆನ್ನು ಮತ್ತೆ ಸಿಗದು, ಕೊನೆಯಲ್ಲಿ ಅದನ್ನೇ ಅಂಟಿಸೋಣ. “ಅದು ಈ ಸಿನಿಮಾದ್ದಲ್ಲ,” ಎಂದ ಅರ್ನುಲ್ಫೊ, ಮತ್ತೇನೂ ವಿವರಿಸದೆ ಕ್ಯಾಮೆರಾದ ಹಿಂದೆ ಹೋಗಿ ಕುಳಿತ.

ಮಿರೆಯಾ ಚೇತರಿಸಿಕೊಂಡಿದ್ದಳು. ಸುಣ್ಣದ ಗೆರೆಯ ಮೇಲೆ ಹೋಗಿ ನಿಂತ ಕೂಡಲೇ ಆ ಕುಳ್ಳ ಹುಡುಗಿ ಎತ್ತರವಾದಳು. ಗದ್ದದ ಕುಳಿಯ ನಟ ಮೆಟ್ಟಿಲ ಮೇಲಿಂದ ಅವಳನ್ನು ನೋಡಿದ, ಹನಿ ತುಂಬಿ ನಿಂತಿತು. ರೈಲು ಹೊರಟಿತು. ಯಾವುದೂ ಹಾರಲಿಲ್ಲ, ಯಾರೂ ಕೂಗಲಿಲ್ಲ. ಕಪ್ಪು ಶಾಲಿನ ಹುಡುಗಿ ತಿರುಗಿದಳು, ಇಡೀ ಬೆಟ್ಟವೇ ಅವಳ ಮೇಲೆ ಬಂದಂತೆ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಹೆಜ್ಜೆ. ಅವಳಿಗೆ ಹೋಗಬೇಕಿತ್ತು. ಆ ಮೆಟ್ಟಿಲು ಹತ್ತಿ ಅವನ ಜೊತೆ ಹೋಗಲು ಅವಳ ಮೈಯ ನರನರವೂ ಬಯಸಿತ್ತು, ಅದು ಆ ಹೆಗಲಿನಲ್ಲಿ ಕಾಣುತ್ತಿತ್ತು. ಹೋಗಲಾಗಲಿಲ್ಲ. ಇನ್ನು ಉಳಿದದ್ದು ಆ ಕಾರಂಜಿಯ ಮನೆ, ಎಷ್ಟು ದೊಡ್ಡದು, ಎಷ್ಟು ತಣ್ಣಗಿನದು, ಅಲ್ಲಿ ಸತ್ತ ಅಮ್ಮನ ದನಿಯೊಂದು ಬಿಟ್ಟರೆ ಮತ್ತೊಂದು ದನಿಯಿಲ್ಲ, ರಾತ್ರಿ ಗೋಡೆ ಮೇಲೆ ನೆರಳು ಮಾಡಿ ಕತೆ ಹೇಳುವವರಿಲ್ಲ. ಎನೆದಿನಾಗೆ ಏನೆಂದು ಅರಿವಾಗುವ ಮೊದಲೇ ಕೆನ್ನೆ ಒದ್ದೆಯಾಗಿ, ಕತ್ತಿನವರೆಗೆ ಇಳಿಯಿತು.

“ಅತ್ತುಬಿಡಿ ಸೆನ್ಯೊರಿತಾ, ಅತ್ತುಬಿಡಿ,” ಎಂದು ಪಕ್ಕದಲ್ಲಿ ನಿಂತಿದ್ದ ಚೋಲೆ ಅವಳ ಬೆನ್ನು ಸವರಿದಳು. “ನಿಮ್ಮ ಕಷ್ಟ ನಿಮಗೇ ಗೊತ್ತು.”

ಎನೆದಿನಾ ತಲೆಯಾಡಿಸಿದಳು. ಬೆಟ್ಟದ ದಾರಿಯಲ್ಲಿ ಸಣ್ಣದಾಗುತ್ತ ಹೋಗುತ್ತಿದ್ದ ಶಾಲಿನಿಂದ ಕಣ್ಣು ಕೀಳದೆ, ಮೂಗೊರೆಸಿಕೊಳ್ಳುತ್ತ, “ಪಾಪ,” ಎಂದಳು. “ಆ ಹುಡುಗಿಗೆ ಯಾರೂ ಇಲ್ಲ ಕಣೇ.”